ತುರಿಕೆ ಒಬ್ಬನದಲ್ಲ, ಮದ್ದೂ ಒಬ್ಬನಿಗಲ್ಲ

ಹಾಸ್ಟೆಲಿನಲ್ಲಿ ದೀಪ ಆರಿದ ಮೇಲೆ ಒಂದು ಮೂಲೆಯಿಂದ ಪರಪರ ಕೆರೆಯುವ ಸದ್ದು ಕೇಳುತ್ತದೆ. ಬೆಳಗಾದರೆ ಆ ಹುಡುಗ ಜೇಬಿನಿಂದ ಕೈ ಹೊರಗೆ ತೆಗೆಯುವುದಿಲ್ಲ. ಬೆರಳ ಸಂದಿಯ ಗುಳ್ಳೆ ಕಂಡರೆ ಗೆಳೆಯರು ದೂರ ಸರಿದಾರೆಂಬ ಭಯ. ವಸತಿ ಶಾಲೆಗಳಲ್ಲಿ ಕಾಯಿಲೆ ಹಬ್ಬುವುದಕ್ಕೆ ಕೊಳೆಗಿಂತ ಈ ನಾಚಿಕೆಯೇ ಹೆಚ್ಚು ನೆರವಾಗುತ್ತದೆ.

ತಪ್ಪು ಕಲ್ಪನೆ: ಕಜ್ಜಿ ಬರುವುದು ಸ್ನಾನ ಮಾಡದವರಿಗೆ, ಇಲ್ಲವೇ ರಕ್ತ ಕೆಟ್ಟವರಿಗೆ.
ಸತ್ಯ: ತುರಿಕಜ್ಜಿಗೆ ಕಾರಣ ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುವ, ಕಣ್ಣಿಗೆ ಸುಲಭವಾಗಿ ಕಾಣದ ನುಸಿ. ಒತ್ತೊತ್ತಾಗಿ ಮಲಗುವಾಗ ಮೈಯಿಂದ ಮೈಗೆ ದಾಟುವ ಈ ನುಸಿ ದಿನಕ್ಕೆರಡು ಸಲ ಮಿಂದವರನ್ನೂ ಬಿಡುವುದಿಲ್ಲ.

ತಪ್ಪು ಕಲ್ಪನೆ: ತುರಿಸುವವನಿಗಷ್ಟೇ ಮದ್ದು ಹಚ್ಚಿದರೆ ಸಾಕು.
ಸತ್ಯ: ಮೊದಲ ಸಲ ನುಸಿ ಹತ್ತಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಹಿಡಿಯಬಹುದು. ಅಷ್ಟರೊಳಗೆ ಪಕ್ಕದ ಹಾಸಿಗೆಯವರಿಗೂ ದಾಟಿರುತ್ತದೆ. ಆದ್ದರಿಂದ ತುರಿಕೆ ಇರಲಿ, ಬಿಡಲಿ, ಕೋಣೆಯ ಎಲ್ಲರಿಗೂ ಒಂದೇ ರಾತ್ರಿ ಚಿಕಿತ್ಸೆ ಆಗಬೇಕು. ವೈದ್ಯರು ಸಾಮಾನ್ಯವಾಗಿ ಕೊಡುವ ಶೇ 5ರ ಪರ್ಮೆಥ್ರಿನ್ ಮುಲಾಮನ್ನು ಗುಳ್ಳೆಯ ಮೇಲಷ್ಟೇ ಅಲ್ಲ, ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ ಬೆಳಗ್ಗೆ ತೊಳೆಯಬೇಕು. ವಾರದ ಬಳಿಕ ಮತ್ತೊಮ್ಮೆ ಹಚ್ಚಬೇಕು. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯಲಾಗದ್ದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನಕ್ಕೂ ಹೆಚ್ಚು ಕಾಲ ಇಡಬೇಕು. ಮೈ ಬಿಟ್ಟ ನುಸಿ ಅಷ್ಟು ದಿನ ಬದುಕದು. ನುಸಿ ಸತ್ತರೂ ತುರಿಕೆ ಕೆಲವು ವಾರ ಉಳಿಯಬಹುದು, ಗಾಬರಿ ಬೇಡ.

ತಪ್ಪು ಕಲ್ಪನೆ: ಹುಳುಕಡ್ಡಿಗೆ ಮೆಡಿಕಲ್ ಶಾಪಿನ ಯಾವ ಕ್ರೀಮಾದರೂ ಆದೀತು.
ಸತ್ಯ: ಹುಳುಕಡ್ಡಿ ಶಿಲೀಂಧ್ರದ ಸೋಂಕು. ಸ್ಟೆರಾಯ್ಡ್ ಬೆರೆತ ಕ್ರೀಮು ಎರಡು ದಿನ ತುರಿಕೆ ತಣಿಸಿ, ಒಳಗೊಳಗೆ ಸೋಂಕನ್ನು ಬೆಳೆಸುತ್ತದೆ. ವೈದ್ಯರಿಗೆ ತೋರಿಸಿ. ಟವೆಲ್, ಒಳಉಡುಪು ಹಂಚಿಕೊಳ್ಳಬೇಡಿ.

ತಪ್ಪು ಕಲ್ಪನೆ: ಹೇನು ಹಾರಿ ಬರುತ್ತದೆ, ಕೊಳಕು ತಲೆಯನ್ನೇ ಹುಡುಕುತ್ತದೆ.
ಸತ್ಯ: ಹೇನಿಗೆ ರೆಕ್ಕೆಯಿಲ್ಲ, ನೆಗೆಯಲೂ ಬಾರದು. ತಲೆಗೆ ತಲೆ ತಾಗಿದಾಗ ಹರಿದು ಬರುತ್ತದೆ. ಸೀರು ಒಡೆದು ಮರಿಯಾಗಲು ವಾರದಿಂದ ಹತ್ತು ದಿನ ಬೇಕು. ಹಾಗಾಗಿ ಒಂದೇ ದಿನದ ಬಾಚುವಿಕೆ ಸಾಲದು. ಹೇನಿನ ಬಾಚಣಿಗೆಯಿಂದ ಎರಡು ವಾರ ಬಿಡದೆ ಬಾಚಬೇಕು. ಹೆಣ್ಣುಮಕ್ಕಳ ತಲೆ ಬೋಳಿಸಬೇಕಿಲ್ಲ.

ತಪ್ಪು ಕಲ್ಪನೆ: ಮುಟ್ಟಿನ ರಕ್ತ ಕೆಟ್ಟ ರಕ್ತ, ಆ ದಿನಗಳಲ್ಲಿ ಸ್ನಾನ ಮಾಡಬಾರದು.
ಸತ್ಯ: ಅದು ಗರ್ಭಕೋಶದ ಒಳಪದರದೊಂದಿಗೆ ಬರುವ ಸಹಜ ರಕ್ತ. ದಿನವೂ ಸ್ನಾನ ಮಾಡಬೇಕು, 4ರಿಂದ 6 ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು. ಬಟ್ಟೆ ಬಳಸುವವರು ಅದನ್ನು ಮಂಚದ ಕೆಳಗೆ ಬಚ್ಚಿಟ್ಟು ಒಣಗಿಸಬಾರದು, ಬಿಸಿಲಿಗೇ ಹಾಕಬೇಕು. ಅದಕ್ಕೊಂದು ಮರೆಯಾದ ತಂತಿ ಕಟ್ಟಿಸುವುದು ಹಾಸ್ಟೆಲಿನ ಹೊಣೆ.

ತಪ್ಪು ಕಲ್ಪನೆ: ಕೈಯಲ್ಲಿ ಮಣ್ಣು ಕಾಣದಿದ್ದರೆ ಬರೀ ನೀರು ಸಾಕು.
ಸತ್ಯ: ಭೇದಿಯ ರೋಗಾಣು, ಹೊಟ್ಟೆಹುಳುವಿನ ಮೊಟ್ಟೆ ಕಣ್ಣಿಗೆ ಕಾಣುವಂಥವಲ್ಲ. ಊಟದ ಮುಂಚೆ, ಶೌಚದ ನಂತರ ಸೋಪು ಹಚ್ಚಿ 20 ಸೆಕೆಂಡು ಉಜ್ಜಬೇಕು. ಊಟದ ಸಾಲಿನ ಪಕ್ಕ ಸೋಪೇ ಇಲ್ಲದಿದ್ದರೆ ಮಕ್ಕಳನ್ನು ಗದರಿ ಫಲವಿಲ್ಲ.

ವಾರ್ಡನ್‌ಗಳೇ, ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಎಲ್ಲರೆದುರು ಕೈ ನೋಡಬೇಡಿ. ಒಬ್ಬೊಬ್ಬರನ್ನೇ ಒಳಗೆ ಕರೆದು ನೋಡಿ. ಅಪ್ಪ ಅಮ್ಮಂದಿರೇ, ಕಜ್ಜಿ ಹತ್ತಿದ ಮಗು ರಜೆಗೆ ಬಂದರೆ ಬೈಯಬೇಡಿ, ಮನೆಯವರೆಲ್ಲರೂ ಒಟ್ಟಿಗೆ ಮದ್ದು ಹಚ್ಚಿಕೊಳ್ಳಿ. ಬೈಗುಳವಿಲ್ಲವೆಂದು ಖಾತ್ರಿಯಾದ ದಿನ ಆ ಹುಡುಗ ತಾನಾಗಿಯೇ ಜೇಬಿನಿಂದ ಕೈ ತೆಗೆದು ತೋರಿಸುತ್ತಾನೆ. ಚಿಕಿತ್ಸೆ ಶುರುವಾಗುವುದು ಅಲ್ಲಿಂದ.