ಪ್ರದರ್ಶನದ ತೋಟ ಮತ್ತು ಕಾವ್ಯದ ತೋಟ

ಪಂಪನೇ ಮೊದಲಾದ ಕವಿಗಳ ವನವರ್ಣನೆಗಳನ್ನು ಓದುವಾಗ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಒಂದು ತೊಡಕು ಎದುರಾಗುತ್ತದೆ. ಪದ್ಯದ ಅನ್ವಯ ತಿಳಿಯುತ್ತದೆ, ನಿಘಂಟು ಅರ್ಥವನ್ನೂ ಕೊಡುತ್ತದೆ. ಆದರೆ ಹೂವು ಕಣ್ಣ ಮುಂದೆ ನಿಲ್ಲುವುದಿಲ್ಲ. ನಿಂತರೂ ಕೆಲವೊಮ್ಮೆ ಬೇರೆಯೇ ಹೂವು ನಿಲ್ಲುತ್ತದೆ. ಈ ತೊಡಕನ್ನು ಅರಿಯಲು ಫಲಪುಷ್ಪ ಪ್ರದರ್ಶನವೊಂದನ್ನು ಎಚ್ಚರದಿಂದ ನೋಡುವುದು ನೆರವಾಗುತ್ತದೆ.

ಮೊದಲಿಗೆ ಹೆಸರಿನ ವಿಷಯ. ಕೊಯಮತ್ತೂರಿನ ಪೂರ್ವಕ್ಕಿರುವ ಸೂಲೂರಿನ ಸುತ್ತಿನ ಹೂವಿನ ಪೇಟೆಗಳಲ್ಲಿ ‘ಸಂಪಂಗಿ’ ಎಂದು ಕೇಳಿದರೆ ನೀಳವಾದ ಕಡ್ಡಿಯ ಮೇಲೆ ಅರಳುವ ಬಿಳಿಯ ಹೂವನ್ನು ಕೊಡುತ್ತಾರೆ. ಕನ್ನಡದಲ್ಲಿ ಅದು ಸುಗಂಧರಾಜ. ನಮ್ಮ ಕಾವ್ಯದ ಸಂಪಿಗೆ ಮರದಲ್ಲಿ ಬಿಡುವ ಹೊಂಬಣ್ಣದ ಹೂವು. ತಮಿಳಿನಲ್ಲಿ ಅದಕ್ಕೆ ‘ಶೆಣ್ಬಗಂ’ ಎಂಬ ಹೆಸರು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡ ಮನೆಮಾತಿನ ದೇವಾಂಗ, ಒಕ್ಕಲಿಗ ಮುಂತಾದ ಕುಟುಂಬಗಳಿವೆ. ಅಂಥ ಮನೆಯಿಂದ ಬಂದು ಹಳಗನ್ನಡ ಓದುವ ವಿದ್ಯಾರ್ಥಿಗೆ ‘ಸಂಪಿಗೆ’ ಎಂಬ ಪದವು ಪೇಟೆಯ ಬಿಳಿಯ ಹೂವನ್ನೇ ನೆನಪಿಗೆ ತರುವುದು ಸಹಜ. ಆಗ ಎರಡು ಸಂಗತಿಗಳು ಕೈತಪ್ಪುತ್ತವೆ. ನಾಯಿಕೆಯ ಮೈಬಣ್ಣವನ್ನು ಸಂಪಿಗೆಗೆ ಹೋಲಿಸುವ ಉಪಮೆ ಅರ್ಥ ಕಳೆದುಕೊಳ್ಳುತ್ತದೆ. ದುಂಬಿಯು ಸಂಪಿಗೆಯ ಬಳಿ ಸುಳಿಯದೆಂಬ ಕವಿಸಮಯವು ಸಂಬಂಧವಿಲ್ಲದ ಹೂವಿಗೆ ಅಂಟಿಕೊಳ್ಳುತ್ತದೆ. ಸುಗಂಧರಾಜದ ಮೂಲ ಮೆಕ್ಸಿಕೊ. 10ನೆಯ ಶತಮಾನದ ಪಂಪನು ಅದನ್ನು ಕಂಡಿರುವ ಸಾಧ್ಯತೆಯೇ ಇಲ್ಲ.

ಸೂಲೂರಿನವರಿಗೆ ಹತ್ತಿರವಾದ ದೊಡ್ಡ ಪ್ರದರ್ಶನವೆಂದರೆ ಮೇ ತಿಂಗಳಲ್ಲಿ ಉದಕಮಂಡಲದ ಸರ್ಕಾರಿ ಸಸ್ಯೋದ್ಯಾನದಲ್ಲಿ ನಡೆಯುವುದು. ಮೇಟ್ಟುಪಾಳಯ, ಕೂನೂರುಗಳ ಮಾರ್ಗವಾಗಿ ಬೆಟ್ಟ ಹತ್ತಿದರೆ ದೊಡ್ಡಬೆಟ್ಟದ ಇಳಿಜಾರಿನಲ್ಲಿ ಈ ಉದ್ಯಾನ ಸಿಗುತ್ತದೆ. ಬೆಟ್ಟದ ಹೆಸರೇ ನಮ್ಮ ನುಡಿಯ ನೆರೆತನವನ್ನು ಸಾರುತ್ತದೆ. 1848ರಲ್ಲಿ ಇಲ್ಲಿಗೆ ಬಂದ ವಿಲಿಯಂ ಗ್ರಹಾಂ ಮ್ಯಾಕೈವರ್ ಉದ್ಯಾನದ ರೂಪವನ್ನು ಹವಣಿಸಿದನು. ಪುಷ್ಪ ಪ್ರದರ್ಶನವು 1896ರಲ್ಲಿ ಆರಂಭವಾಯಿತು. ಅದರ ಶತಮಾನೋತ್ಸವದ ನೆನಪಿಗಾಗಿ ನಿರ್ಮಿಸಿದ ಗುಲಾಬಿ ತೋಟವೊಂದು ಇಂದಿಗೂ ಅದೇ ಊರಿನಲ್ಲಿದೆ.

ಇಲ್ಲಿನ ಪಾತಿಗಳ ಮುಂದೆ ನಿಂತವನು ಮೊದಲು ಬೆರಗಾಗುವುದು ಬಣ್ಣದ ರಾಶಿಗೆ. ಆ ಬೆರಗಿನ ಹಿಂದೆ ಕಾಲದ ಲೆಕ್ಕವಿದೆ. ಪ್ರದರ್ಶನದ ದಿನವನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಬೀಜ ಬಿತ್ತುತ್ತಾರೆ. ಚೆಂಡುಹೂವು ಬಿತ್ತಿದ ಸುಮಾರು ಎರಡು ತಿಂಗಳಿಗೆ ಅರಳುತ್ತದೆ. ಪ್ಯಾನ್ಸಿಗೆ ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಆದುದರಿಂದ ಒಂದೇ ದಿನ ಜೊತೆಯಾಗಿ ಅರಳಿ ನಿಂತ ಎರಡು ಪಾತಿಗಳು ಬೇರೆ ಬೇರೆ ದಿನಗಳಲ್ಲಿ ಹುಟ್ಟಿದವು. ಎಳೆಯ ಗಿಡದ ಕುಡಿಯನ್ನು ಚಿವುಟಿದರೆ ಕವಲುಗಳು ಹೆಚ್ಚುತ್ತವೆ, ಹೂ ಬಿಡುವುದು ಕೆಲವು ದಿನ ತಡವಾಗುತ್ತದೆ; ತೋಟಗಾರನು ಈ ತಡವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾನೆ. ಕುಂಡದಲ್ಲಿ ಬೆಳೆಸಿದ ಗಿಡಗಳನ್ನು ಮೆಟ್ಟಿಲುಗಳ ಮೇಲೆ ಜೋಡಿಸುವುದರಲ್ಲಿ ಮತ್ತೊಂದು ಅನುಕೂಲವಿದೆ: ಬಾಡಿದ ಕುಂಡವನ್ನು ತೆಗೆದು ಹೊಸದನ್ನಿಟ್ಟರೆ ಚಿತ್ರ ಕೆಡುವುದಿಲ್ಲ.

ಈಗ ಆ ಹೂಗಳ ತವರನ್ನು ವಿಚಾರಿಸೋಣ. ಡೇಲಿಯಾ, ಜೀನಿಯಾ, ಚೆಂಡುಹೂವು ಮೆಕ್ಸಿಕೊದವು. ಪೆಟೂನಿಯಾ ದಕ್ಷಿಣ ಅಮೆರಿಕದ್ದು. ಪಾತಿಗಳಲ್ಲಿ ಕೆಂಪಗೆ ಉರಿಯುವ ಸಾಲ್ವಿಯಾ ಬ್ರೆಜಿಲಿನದು. ಪ್ಯಾನ್ಸಿ ಯುರೋಪಿನದು. ಬೇರೆ ನಾಡಿನ ಇಂಥ ಗಿಡಗಳನ್ನು ಗಾಜಿನ ಮನೆಗಳಲ್ಲಿ ಬೆಳೆಸಿ, ಬಣ್ಣದ ಹಾಸಿನಂತೆ ಪಾತಿಗಳಲ್ಲಿ ನೆಡುವ ಪದ್ಧತಿಯು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಹಳ ಪ್ರಚಲಿತವಾಗಿತ್ತು. ನಮ್ಮ ಪ್ರದರ್ಶನದ ತೋಟಗಳು ಆ ಪರಂಪರೆಯ ಕುಡಿಗಳು. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯೂ ಇದೇ ಕಾಲದ್ದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲಿ, ಜಾನ್ ಕ್ಯಾಮರಾನನ ಆಡಳಿತದಲ್ಲಿ ಅದು ರೂಪುಗೊಂಡಿತು. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲನ್ನಿಟ್ಟನು.

ಕಾವ್ಯದ ತೋಟವು ಬೇರೊಂದು ನೆಲೆಯಲ್ಲಿ ನಿಂತಿದೆ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನವಿಹಾರಕ್ಕೂ ಸ್ಥಾನವಿದೆ. ದಂಡಿಯ ‘ಕಾವ್ಯಾದರ್ಶ’ದ ಪಟ್ಟಿಯಲ್ಲಿಯೂ ಅದು ಬರುತ್ತದೆ. ಅಲ್ಲಿ ಕಾಣುವುದು ಮಾವು, ಅಶೋಕೆ, ಸುರಗಿ, ಸಂಪಿಗೆ, ಪಾದರಿ, ಮಲ್ಲಿಗೆ, ಇರುವಂತಿ, ಕೇದಗೆ. ಇವುಗಳಲ್ಲಿ ಹೆಚ್ಚಿನವು ಮರಗಳು ಅಥವಾ ಬಳ್ಳಿಗಳು. ಪಾತಿಯಲ್ಲಿ ಒಂದು ಋತು ಬಾಳಿ ಮುಗಿಯುವ ಗಿಡಗಳಲ್ಲ. ಕವಿಯು ಅವನ್ನು ಬಣ್ಣದ ರಾಶಿಯಾಗಿ ಕಾಣುವುದಕ್ಕಿಂತ ಹೆಚ್ಚಾಗಿ ಕಂಪು, ನೆರಳು, ಗಾಳಿ, ದನಿಗಳ ಕೂಟವಾಗಿ ಕಾಣುತ್ತಾನೆ. ‘ವಿಕ್ರಮಾರ್ಜುನ ವಿಜಯ’ದ ಬನವಾಸಿಯ ಪದ್ಯಗಳಲ್ಲಿ ಮಲ್ಲಿಗೆಯು ಕಣ್ಣಿಗೆ ಬೀಳುವುದು ನಿಜ, ಆದರೆ ಅದರ ಜೊತೆಗೆ ಮೈಗೆ ಸೋಕುವ ಗಾಳಿಯಿದೆ, ಕಿವಿಗೆ ಬೀಳುವ ಹಾಡಿದೆ. ಅಲ್ಲಿ ಹುಟ್ಟಬಯಸುವ ಮನಸ್ಸು ಆರಿಸಿಕೊಳ್ಳುವ ಜನ್ಮವೂ ತುಂಬಿಯದು ಅಥವಾ ಕೋಗಿಲೆಯದು. ತೋಟವು ಅಲ್ಲಿ ವಾಸದ ನೆಲೆ.

ತುಂಬಿಯ ಮಾತು ಬಂದುದರಿಂದ ಪ್ರದರ್ಶನದಲ್ಲಿ ಪರೀಕ್ಷಿಸಬಹುದಾದ ಒಂದು ಸಂಗತಿಯನ್ನು ಹೇಳಬೇಕು. ಗುಲಾಬಿ, ಕಾರ್ನೇಷನ್ ಮುಂತಾದ ಹೂಗಳ ತುಂಬುದಳದ ತಳಿಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ. ಕಣ್ಣಿಗೆ ಅವು ಸಮೃದ್ಧ. ಜೇನುಹುಳುವಿಗೆ ಅಲ್ಲಿ ಪರಾಗ ದೊರೆಯುವುದು ಕಡಿಮೆ. ಒಂಟಿದಳದ ಹೂವಿನ ಬಳಿ ಸ್ವಲ್ಪ ಹೊತ್ತು, ತುಂಬುದಳದ ಹೂವಿನ ಬಳಿ ಸ್ವಲ್ಪ ಹೊತ್ತು ನಿಂತು ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ತುಂಬಿಯಿಲ್ಲದ ವನವರ್ಣನೆಯನ್ನು ನಮ್ಮ ಕವಿಗಳು ಏಕೆ ಊಹಿಸಲಾರರೆಂಬುದೂ ಆಗ ಸ್ಪಷ್ಟವಾಗುತ್ತದೆ.

ಹೀಗೆಂದ ಮಾತ್ರಕ್ಕೆ ಪ್ರದರ್ಶನದ ತೋಟವು ಕೀಳು, ಕಾವ್ಯದ ತೋಟವು ಮೇಲು ಎಂದು ಭಾವಿಸಬಾರದು. ಅವು ಎರಡು ಬೇರೆ ಕಲೆಗಳು. ಒಂದು ನಿಗದಿಯಾದ ದಿನಗಳಿಗಾಗಿ ಕಣ್ಣನ್ನು ತಣಿಸಲು ಬೆಳೆದದ್ದು. ಇನ್ನೊಂದು ಮಾತಿನಲ್ಲಿ ನೆಟ್ಟದ್ದು, ಓದಿದಾಗಲೆಲ್ಲ ಚಿಗುರುವಂಥದ್ದು. ಇವೆರಡೂ ಒಂದೇ ಚಾವಣಿಯಡಿ ಸಂಧಿಸಿದ್ದೂ ಉಂಟು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಂದರ್ಭದಲ್ಲಿ ನಡೆಯುವ ಲಾಲ್‌ಬಾಗಿನ ಪ್ರದರ್ಶನವು 2017ರ ಆಗಸ್ಟ್‌ನಲ್ಲಿ ಕುವೆಂಪು ಅವರಿಗೆ, 2024ರ ಜನವರಿಯಲ್ಲಿ ಬಸವಣ್ಣನವರಿಗೂ ವಚನ ಸಾಹಿತ್ಯಕ್ಕೂ ಮೀಸಲಾಗಿತ್ತು. ಇಂಥ ಹೂವಿನ ಪ್ರತಿಕೃತಿಗಳು ಬೇರಿಲ್ಲದ, ಕೊಯ್ದ ಹೂಗಳಿಂದ ಆಗುತ್ತವೆ. ಬಾಡಿದಂತೆ ಅವನ್ನು ನಡುವೆ ಬದಲಿಸಬೇಕಾಗುತ್ತದೆ. ಸ್ಥಾವರಕ್ಕೆ ಅಳಿವುಂಟೆಂದು ಹೇಳಿದ ಪರಂಪರೆಗೆ ಕೆಲವೇ ದಿನ ಉಳಿಯುವ ಹೂವಿನ ಕಟ್ಟಡವು ಅನುಚಿತವಾದ ಗೌರವವೇನಲ್ಲ. ಆದರೆ ಆ ಹೂಗಳ ಮುಂದೆ ಚಿತ್ರ ತೆಗೆಸಿಕೊಂಡು ಬಂದವನು ವಚನವನ್ನು ಓದಿದಂತಾಗಲಿಲ್ಲ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿ ಮರೆಯಬಾರದು.

ಪ್ರದರ್ಶನಕ್ಕೆ ಹೋಗುವ ವಿದ್ಯಾರ್ಥಿಗಳು ಒಂದು ಸಣ್ಣ ಕೆಲಸ ಮಾಡಬಹುದು. ಕಂಡ ಹತ್ತು ಹೂಗಳಿಗೆ ನಾಲ್ಕು ಅಂಕಣಗಳನ್ನು ಬರೆದುಕೊಳ್ಳಲಿ: ಫಲಕದ ಮೇಲಿರುವ ಹೆಸರು, ಪೇಟೆಯ ಹೆಸರು, ಮನೆಯಲ್ಲಿ ಹಿರಿಯರು ಕರೆಯುವ ಹೆಸರು, ತಾವು ಓದಿದ ಕಾವ್ಯದಲ್ಲಿ ಬಂದಿದ್ದರೆ ಅಲ್ಲಿಯ ಹೆಸರು. ಸೂಲೂರಿನಂಥ ಕಡೆಗಳಿಂದ ಬಂದವರಿಗೆ ಮೂರನೆಯ ಅಂಕಣವು ಮುಖ್ಯ. ಓದುಬರಹಕ್ಕೆ ಇಳಿಯದೆ ಮನೆಮಾತಿನಲ್ಲಷ್ಟೇ ಉಳಿದಿರುವ ಪದಗಳು ಒಂದೆರಡು ತಲೆಮಾರಿನಲ್ಲಿ ಪೇಟೆಯ ಪದಗಳಿಗೆ ಜಾಗ ಬಿಟ್ಟುಕೊಡುತ್ತವೆ. ಆ ಬಳಿಕ ಹಳಗನ್ನಡ ಪದ್ಯದ ಹೂವನ್ನು ಗುರುತಿಸಲು ನಿಘಂಟೊಂದೇ ಗತಿ. ನಾಲ್ಕನೆಯ ಅಂಕಣದ ಬಹುಭಾಗ ಖಾಲಿಯಾಗಿ ಉಳಿದೀತು. ಹಾಗೆ ಉಳಿದರೆ, ಕಣ್ಣೆದುರಿನ ತೋಟಕ್ಕೂ ಕಾವ್ಯದ ತೋಟಕ್ಕೂ ನಡುವಿನ ಅಂತರವನ್ನು ಅವರು ತಾವೇ ಅಳೆದಂತಾಯಿತು.