ದಾದಿಯರ ಕೊರತೆ: ಕಲಿತವರಿದ್ದಾರೆ, ವಾರ್ಡುಗಳಲ್ಲಿ ಮಾತ್ರ ಇಲ್ಲ

ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಶಿಕ್ಷಣ ಸಂಸ್ಥೆಗಳಿರುವ ರಾಜ್ಯಗಳ ಸಾಲಿನಲ್ಲಿ ಅದು ಮುಂಚೂಣಿಯಲ್ಲಿದೆ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ವಿದ್ಯಾರ್ಥಿಗಳು ಬೆಂಗಳೂರು, ಮಂಗಳೂರಿಗೆ ಬಂದು ಬಿಎಸ್ಸಿ ನರ್ಸಿಂಗ್, ಜಿಎನ್‌ಎಂ ಕಲಿತು ಹೋಗುತ್ತಾರೆ. ಆದರೆ ಇದೇ ರಾಜ್ಯದ ಅನೇಕ ಆಸ್ಪತ್ರೆಗಳಲ್ಲಿ ನಡುರಾತ್ರಿ ಡ್ರಿಪ್ ಬಾಟಲಿ ಖಾಲಿಯಾದುದನ್ನು ಕಂಡು ದಾದಿಯನ್ನು ಹುಡುಕಿಕೊಂಡು ಓಡುವವರು ರೋಗಿಯ ಮಗನೋ ಹೆಂಡತಿಯೋ ಆಗಿರುತ್ತಾರೆ. ತರಬೇತಿ ಪಡೆದವರು ವರ್ಷವರ್ಷವೂ ಹೊರಬರುತ್ತಿರುವಾಗ ವಾರ್ಡುಗಳಲ್ಲಿ ಅವರಿಗೆ ಕೊರತೆಯೇಕೆ?

ಕೊರತೆ ಜಗತ್ತಿಗೆಲ್ಲ ಇದೆ ಎಂಬುದು ನಿಜ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2023ರಲ್ಲಿ ವಿಶ್ವದಲ್ಲಿದ್ದ ದಾದಿಯರ ಸಂಖ್ಯೆ 2.98 ಕೋಟಿ, ಕೊರತೆ 58 ಲಕ್ಷ. ಭಾರತದ ರಾಜ್ಯ ನರ್ಸಿಂಗ್ ಮಂಡಳಿಗಳ ಪುಸ್ತಕದಲ್ಲಿ 33 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಆದರೆ ಪುಸ್ತಕದಲ್ಲಿರುವ ಹೆಸರು ವಾರ್ಡಿನಲ್ಲಿರುವ ದಾದಿಯಲ್ಲ. ವಿದೇಶಕ್ಕೆ ಹೋದವರು, ವೃತ್ತಿ ತೊರೆದವರು, ಮದುವೆಯ ನಂತರ ಮನೆಯಲ್ಲೇ ಉಳಿದವರು ಎಲ್ಲರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ಈ ದೋಷ ನಿವಾರಿಸಲೆಂದೇ ಭಾರತೀಯ ನರ್ಸಿಂಗ್ ಪರಿಷತ್ತು ಆಧಾರ್ ಜೋಡಣೆಯ ಹೊಸ ನೋಂದಣಿ ವ್ಯವಸ್ಥೆಯನ್ನು ಆರಂಭಿಸಬೇಕಾಯಿತು.

ಒಬ್ಬ ರೋಗಿ ಹೆಚ್ಚಾದರೆ

ವೈದ್ಯರು ವಾರ್ಡಿಗೆ ದಿನಕ್ಕೆ ಒಂದೆರಡು ಬಾರಿ ಬಂದು ಹೋಗುತ್ತಾರೆ. ಉಳಿದ ಹೊತ್ತು ರೋಗಿಯ ಮೇಲೆ ಕಣ್ಣಿಡುವವರು ದಾದಿಯರು. ಉಸಿರಾಟದ ವೇಗ ತುಸು ಹೆಚ್ಚಾದದ್ದು, ರಕ್ತದೊತ್ತಡ ಇಳಿಯುತ್ತಿರುವುದು, ಮೂತ್ರ ಕಡಿಮೆಯಾದದ್ದು, ರೋಗಿ ಅಸಂಬದ್ಧವಾಗಿ ಮಾತನಾಡತೊಡಗಿದ್ದು - ನಂಜು ದೇಹಕ್ಕೆ ಏರುತ್ತಿರುವುದರ ಮೊದಲ ಸೂಚನೆಗಳು ಇವೇ. ಇವನ್ನು ಮೊದಲ ಗಂಟೆಗಳಲ್ಲೇ ಗುರುತಿಸಿದರೆ ಜೀವ ಉಳಿಸುವ ಅವಕಾಶ ಹೆಚ್ಚು. ಬೆಳಗಿನ ಸುತ್ತಿನವರೆಗೆ ಯಾರೂ ನೋಡದಿದ್ದರೆ ಅದೇ ರೋಗಿ ತೀವ್ರ ನಿಗಾ ಘಟಕ ಸೇರುತ್ತಾನೆ, ಇಲ್ಲವೇ ಬದುಕುವುದೇ ಇಲ್ಲ.

ಇದನ್ನು ಅಂಕಿ ಅಂಶಗಳೂ ಸಮರ್ಥಿಸುತ್ತವೆ. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದ 4.22 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದಾದಿಯ ಹೊಣೆಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ ಎಂಬುದು ಅದರ ಮುಖ್ಯ ಫಲಿತಾಂಶ.

ಸಾವಿಗಿಂತ ಕೆಳಗಿನ ಹಾನಿಗಳು ಲೆಕ್ಕಕ್ಕೇ ಸಿಗುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದ ರೋಗಿಗೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಆರು ಗಂಟೆಯ ಔಷಧಿ ಎಂಟಕ್ಕೆ ಸಿಗುತ್ತದೆ. ಕೈ ತೊಳೆಯಲೂ ಪುರಸೊತ್ತಿಲ್ಲದ ದಾದಿಯ ಮೂಲಕ ಒಂದು ಹಾಸಿಗೆಯ ಸೋಂಕು ಮತ್ತೊಂದಕ್ಕೆ ಹರಡುತ್ತದೆ. ಸ್ನಾನ ಮಾಡಿಸುವುದು, ಉಣಿಸುವುದು, ಶೌಚಕ್ಕೆ ಕರೆದೊಯ್ಯುವುದು ಮುಂತಾದ ಕೆಲಸಗಳೆಲ್ಲ ರೋಗಿಯ ಕಡೆಯವರ ಪಾಲಿಗೆ ಬರುತ್ತವೆ. ದಿನಗೂಲಿಯ ಕುಟುಂಬಕ್ಕೆ ಇದರಿಂದ ಎರಡು ದುಡಿಮೆ ಒಟ್ಟಿಗೆ ನಿಲ್ಲುತ್ತವೆ: ಮಲಗಿದವನದು, ಪಕ್ಕದಲ್ಲಿ ಕುಳಿತವನದು.

ನಿಯಮದೊಳಗಿನ ಲೆಕ್ಕ

ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧಕ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ದಾದಿ ಇರಬೇಕು. ಓದಲು ಉದಾರವಾಗಿಯೇ ಕಾಣುವ ಈ ಅನುಪಾತ ಇಡೀ ದಿನದ್ದು. ದಿನಕ್ಕೆ ಮೂರು ಪಾಳಿಗಳಿರುವುದರಿಂದ 5ಕ್ಕೆ ಒಬ್ಬರು ಎಂದರೆ ಪ್ರತಿ ಪಾಳಿಯಲ್ಲಿ 15 ರೋಗಿಗಳಿಗೆ ಒಬ್ಬರು ಎಂದರ್ಥ.

30 ಹಾಸಿಗೆಗಳ ವಾರ್ಡನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮಾನದಂಡದಂತೆ ಅಲ್ಲಿ 6 ದಾದಿಯರು. ಪಾಳಿಗೆ ಇಬ್ಬರಂತೆ ವಾರದ 21 ಪಾಳಿಗಳಿಗೆ 42 ಹಾಜರಿ ಬೇಕು. ವಾರಕ್ಕೊಂದು ರಜೆ ಕಳೆದರೆ 6 ದಾದಿಯರು ನೀಡಬಲ್ಲದ್ದು 36 ಮಾತ್ರ. ಈ ಅಂತರ ತುಂಬಲೆಂದೇ ಶೇ 30ರಷ್ಟು ಹೆಚ್ಚುವರಿ ಹುದ್ದೆಗಳಿರಬೇಕೆಂದು ಪರಿಷತ್ತು ಹೇಳಿದೆ. ಹುದ್ದೆಗಳು ಖಾಲಿ ಉಳಿದಾಗ ಮೊದಲು ಮಾಯವಾಗುವುದು ಈ ಹೆಚ್ಚುವರಿಯೇ. ಆಗ ಒಬ್ಬರು ಹೆರಿಗೆ ರಜೆ ಹಾಕಿದರೂ ರಾತ್ರಿ ಪಾಳಿಯಲ್ಲಿ 30 ರೋಗಿಗಳಿಗೆ ಒಬ್ಬರೇ ಉಳಿಯುವ ಸ್ಥಿತಿ ಬರುತ್ತದೆ.

ಸಂಬಳದ ಪ್ರಶ್ನೆ

ಕಲಿತವರು ವಾರ್ಡಿನಲ್ಲಿ ನಿಲ್ಲದಿರಲು ಮುಖ್ಯ ಕಾರಣ ಸಂಬಳ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಂ ನೌಕರರ ಪಕ್ಕದಲ್ಲೇ, ಅದೇ ಕೆಲಸವನ್ನು ಗುತ್ತಿಗೆ ದಾದಿಯರು ಕಡಿಮೆ ವೇತನಕ್ಕೆ ಮಾಡುತ್ತಾರೆ. ಖಾಸಗಿ ಆಸ್ಪತ್ರೆಗಳ ಪೈಕಿ ಕೆಲವು ಬಾಂಡ್ ಬರೆಸಿಕೊಂಡು ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುತ್ತಿದ್ದುದರ ವಿರುದ್ಧವೇ 2011-12ರಲ್ಲಿ ಕೇರಳ ಮತ್ತಿತರ ಕಡೆ ದಾದಿಯರು ಬೀದಿಗಿಳಿದಿದ್ದರು.

ಭಾರತೀಯ ತರಬೇತಿ ಪಡೆದ ದಾದಿಯರ ಸಂಘ ಸಲ್ಲಿಸಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿಯೊಂದನ್ನು ರಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆ ಸರ್ಕಾರಿ ದಾದಿಯರಷ್ಟೇ ವೇತನ ನೀಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳಿರುವಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ಆರೋಗ್ಯ ರಾಜ್ಯ ಪಟ್ಟಿಯ ವಿಷಯವಾದುದರಿಂದ ಶಿಫಾರಸು ರಾಜ್ಯಗಳಿಗೆ ಸಲಹೆಯಾಗಿ ಹೋಯಿತು. ದಾದಿಯರ ದೀರ್ಘ ಹೋರಾಟದ ಬಳಿಕ ಕೇರಳ 2018ರಲ್ಲಿ 20,000 ರೂಪಾಯಿ ಮೂಲ ವೇತನದ ಅಧಿಸೂಚನೆ ಹೊರಡಿಸಿತು.

ಇತ್ತ ಕೊಲ್ಲಿ ರಾಷ್ಟ್ರಗಳು, ಬ್ರಿಟನ್, ಐರ್ಲೆಂಡ್, ಜರ್ಮನಿ ಕೈಬೀಸಿ ಕರೆಯುತ್ತಿವೆ. ಸಾಲ ಮಾಡಿ ಓದಿದ ಹುಡುಗಿಗೆ ಇಲ್ಲಿನ ಎರಡು ವರ್ಷ ಕೇವಲ ಅನುಭವ ಪತ್ರಕ್ಕಾಗಿ ಕಾಯುವ ಅವಧಿಯಾಗುತ್ತದೆ. ಊರಿಗೆ ಮರಳುವವರೂ ಇದ್ದಾರೆ. 2020ರ ಮೇ ತಿಂಗಳಲ್ಲಿ, ಕೊರೊನಾ ಭೀತಿಯ ನಡುವೆ, ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಿಂದ ಮಣಿಪುರ ಮೊದಲಾದ ರಾಜ್ಯಗಳ ನೂರಾರು ದಾದಿಯರು ಕೆಲಸ ಬಿಟ್ಟು ಹೊರಟಾಗ ಆ ನಗರ ತತ್ತರಿಸಿತ್ತು. ಹೊರ ರಾಜ್ಯಗಳ ದಾದಿಯರನ್ನೇ ಬಹುವಾಗಿ ನೆಚ್ಚಿಕೊಂಡಿರುವ ಬೆಂಗಳೂರಿಗೂ ಅದು ಪಾಠವೇ.

ಕಾಲೇಜೊಂದೇ ಪರಿಹಾರವಲ್ಲ

2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ 1,570 ಕೋಟಿ ರೂಪಾಯಿ ವೆಚ್ಚದಲ್ಲಿ 157 ಹೊಸ ಸರ್ಕಾರಿ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ನೀಡಿತು. ಕಾಲೇಜುಗಳೇ ಇಲ್ಲದ ಉತ್ತರ ಮತ್ತು ಈಶಾನ್ಯದ ಜಿಲ್ಲೆಗಳಿಗೆ ಇದು ಅಗತ್ಯ. ಕರ್ನಾಟಕದ ಸಮಸ್ಯೆ ಬೇರೆ. ತೂತಿರುವ ಕೊಡಕ್ಕೆ ಇನ್ನಷ್ಟು ನೀರು ಸುರಿದರೆ ಅದು ತುಂಬುವುದಿಲ್ಲ. ಮಂಜೂರಾದ ಹುದ್ದೆಗಳನ್ನು ಕಾಯಂ ಆಗಿ ಭರ್ತಿ ಮಾಡದೆ, ವೇತನವನ್ನು ಕಾನೂನಿನ ಚೌಕಟ್ಟಿಗೆ ತರದೆ ಕಾಲೇಜುಗಳನ್ನು ಹೆಚ್ಚಿಸಿದರೆ ವಿದೇಶದ ವಿಮಾನ ಹತ್ತುವವರ ಸಂಖ್ಯೆ ಮಾತ್ರ ಹೆಚ್ಚುತ್ತದೆ.

ದುಬಾರಿ ಎಂಬ ವಾದಕ್ಕೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಉತ್ತರವಿದೆ. ಅಲ್ಲಿನ ಸರ್ಕಾರ 2016ರಲ್ಲಿ ಕೆಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಹಗಲು 4 ರೋಗಿಗಳಿಗೆ ಒಬ್ಬರು, ರಾತ್ರಿ 7 ರೋಗಿಗಳಿಗೆ ಒಬ್ಬರು ದಾದಿಯನ್ನು ಕಡ್ಡಾಯಗೊಳಿಸಿತು. 2021ರಲ್ಲಿ ಪ್ರಕಟವಾದ ಅಧ್ಯಯನದಂತೆ ಅಲ್ಲಿ ಸಾವುಗಳು ತಗ್ಗಿದವು. ರೋಗಿಗಳು ಬೇಗ ಮನೆ ಸೇರಿದ್ದರಿಂದ, ಮತ್ತೆ ದಾಖಲಾಗುವುದು ಕಡಿಮೆಯಾದುದರಿಂದ ಉಳಿದ ಹಣ, ಹೆಚ್ಚುವರಿ ದಾದಿಯರಿಗೆ ತಗುಲಿದ ವೆಚ್ಚದ ಎರಡು ಪಟ್ಟಿಗೂ ಮಿಗಿಲು.

ಕರ್ನಾಟಕದ ಖಾಸಗಿ ಆಸ್ಪತ್ರೆಗಳು ನೋಂದಣಿಯಾಗುವುದು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಡಿಯಲ್ಲಿ. ಚಿಕಿತ್ಸೆಯ ದರಪಟ್ಟಿ ರೋಗಿಗಳಿಗೆ ಕಾಣುವಂತಿರಬೇಕು ಎಂದು ಒತ್ತಾಯಿಸಬಹುದಾದರೆ, ಈ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ದಾದಿಯರು ಎಂಬ ಫಲಕವನ್ನೂ ಪ್ರತಿ ವಾರ್ಡಿನ ಬಾಗಿಲಲ್ಲಿ, ಸರ್ಕಾರಿ ಆಸ್ಪತ್ರೆಗಳೂ ಸೇರಿದಂತೆ, ಹಾಕಿಸಬಹುದು. ಆಸ್ಪತ್ರೆಗೆ ಸೇರುವ ಮುನ್ನ ವೈದ್ಯರ ಹೆಸರು, ಯಂತ್ರೋಪಕರಣ, ಕೊಠಡಿಯ ಬಾಡಿಗೆ ವಿಚಾರಿಸುವ ಜನ ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಒಳಿತು: ರಾತ್ರಿ ಈ ವಾರ್ಡಿನಲ್ಲಿ ದಾದಿಯರು ಎಷ್ಟು ಮಂದಿ?