ದಾಸವಾಳದ ಬಿಳಿ ಹಿಟ್ಟು

ದಾಸವಾಳದ ಮೊಗ್ಗಿಗೆ ಹತ್ತಿಯಂಥ ಬಿಳಿ ಹಿಟ್ಟು ಅಂಟಿದೆಯಾ? ಅದು ಹಿಟ್ಟು ತಿಗಣೆ. ರಸ ಹೀರಿ, ಅಂಟಂಟು ಸಿಹಿ ಸುರಿಸುತ್ತೆ. ಆ ಸಿಹಿಗೆ ಇರುವೆ ಸಾಲುಗಟ್ಟುತ್ತೆ, ತಿಗಣೆಗೆ ಕಾವಲೂ ಕಾಯುತ್ತೆ! ಹಾಗಾಗಿ ಮೊದಲು ಇರುವೆಯ ದಾರಿ ಮುಚ್ಚಿ: ಗೋಡೆಗೆ, ಗ್ರಿಲ್‌ಗೆ ತಾಗಿದ ರೆಂಬೆ ಕತ್ತರಿಸಿ. ತೀರಾ ಹಿಡಿದ ತುದಿಗಳನ್ನೂ ಕತ್ತರಿಸಿ, ಕವರ್‌ನಲ್ಲಿ ಕಟ್ಟಿ ಬಿಸಾಕಿ. ಉಳಿದದ್ದಕ್ಕೆ ಪೈಪ್ ನೀರು ಜೋರಾಗಿ ಬಿಡಿ.

ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಚೂರು ಸೋಪಿನ ನೀರು. ಸೋಪಿಲ್ಲದಿದ್ದರೆ ಎಣ್ಣೆ ಮೇಲೇ ತೇಲುತ್ತೆ. ಸಂಜೆ, ಎಲೆಯ ಅಡಿಗೂ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ.

ತಡೀರಿ, ಆ ಬಿಳಿ ಗುಂಪಲ್ಲಿ ದಪ್ಪಗಿನದೊಂದು ಸರಸರ ಓಡ್ತಿದೆಯಾ? ಅದು ತಿಗಣೆ ತಿನ್ನೋ ಗುಲಗಂಜಿ ಹುಳುವಿನ ಮರಿ. ಇಂಥದ್ದೊಂದು ಜಾತಿಯನ್ನು 1898ರಲ್ಲೇ ಆಸ್ಟ್ರೇಲಿಯಾದಿಂದ ಭಾರತಕ್ಕೆ ತರಿಸಿದ್ದರು. ಅದಿರೋ ರೆಂಬೆಗೆ ಎಣ್ಣೆ ಹೊಡೀಬೇಡಿ.